ಪಟ್ಟಿಯಿಂದ ಬಿಟ್ಟುಹೋದವರು ಯಾರು? ಸಭೆಯ ಸಮಾಜಸೇವೆಗೆ ಬೈಬಲ್ಲಿನ ಹದಿನಾಲ್ಕು ಸೂತ್ರಗಳು

ಯೆರೂಸಲೇಮಿನ ಮೊದಲ ಸಭೆಯಲ್ಲಿ ಗೊಣಗಾಟ ಎದ್ದದ್ದು ಊಟದ ಹಂಚಿಕೆಗೆ. ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು; ಗ್ರೀಕ್ ಮಾತಾಡುವ ವಿಧವೆಯರು ಆ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಇದನ್ನು ಮುಚ್ಚಿಡದೆ ಹೇಳುತ್ತದೆ. ಪಂಚಾಶತ್ತಮ ದಿನದ ಬೆಂಕಿಯನ್ನು ಕಣ್ಣಾರೆ ಕಂಡ ಸಭೆಯಲ್ಲೂ ಕೆಲವರ ಹೆಸರು ಪಟ್ಟಿಯಿಂದ ಜಾರಿಹೋಗಿತ್ತು.

ನಮ್ಮ ಸಭೆಗಳಲ್ಲಿ ಸಮಾಜಸೇವೆಯ ಮಾತು ಬಂದಾಗ ಮೊದಲು ಚರ್ಚೆಯಾಗುವುದು ಬ್ಯಾನರು, ಮುಖ್ಯ ಅತಿಥಿ, ಹಂಚಬೇಕಾದ ಕಿಟ್‌ಗಳ ಸಂಖ್ಯೆ. ಹಂಚಿಕೆ ಮುಗಿದ ಮೇಲೆ ಯಾರಿಗೆ ಸಿಗಲಿಲ್ಲ ಎಂದು ಹುಡುಕಿಕೊಂಡು ಹೋಗುವವರು ಯಾರೋ, ಅವರನ್ನೇ ನಾನು ಸೇವೆಯ ನಾಯಕರು ಎನ್ನುತ್ತೇನೆ. ಈ ಕಣ್ಣಿನಿಂದ ಬೈಬಲ್ ಓದಿದರೆ ಅಲ್ಲಿನ ನಾಯಕರು ಬೇರೆಯಾಗಿಯೇ ಕಾಣುತ್ತಾರೆ. ಸಮುದ್ರ ದಾಟಿಸಿದವನು ಜನರ ತಗಾದೆ ಕೇಳಲು ದಿನಗಟ್ಟಲೆ ಕೂರುತ್ತಾನೆ. ಗೋಡೆ ಕಟ್ಟಿಸಿದವನು ಬಡ್ಡಿ ಬಿಡಿಸುತ್ತಾನೆ. ಸಭೆಗಳಿಗೆ ಪತ್ರ ಬರೆದವನು ಕಾಣಿಕೆಯ ಹಣಕ್ಕೆ ಸಾಕ್ಷಿಗಳನ್ನು ಜೊತೆ ಮಾಡುತ್ತಾನೆ. ಪ್ಯಾಸ್ಟೊರೇಟ್ ಕಮಿಟಿಯವರು, ಮಹಿಳಾ ಅನ್ಯೋನ್ಯ ಕೂಟದವರು, ಯುವಜನ ಕೂಟದವರು ಕೂಡಲೇ ಕೈಗೆತ್ತಿಕೊಳ್ಳಬಹುದಾದಷ್ಟನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಸುತ್ತಿ ಬನ್ನಿ, ಆಮೇಲೆ ಮಾತಾಡಿ

ಪರ್ಷಿಯದ ಅರಸ ಅರ್ತಷಸ್ತನ ಪಾನಸೇವಕನಾಗಿದ್ದ ನೆಹೆಮೀಯ ಕ್ರಿ.ಪೂ. 445ರ ಸುಮಾರಿಗೆ ರಾಜಪತ್ರಗಳನ್ನು ಹಿಡಿದು ಯೆರೂಸಲೇಮಿಗೆ ಬಂದ. ಅವನಿಗೆ ಅಧಿಕಾರವಿತ್ತು, ಮರ ಕೊಡಿಸುವ ಅಪ್ಪಣೆಯಿತ್ತು, ಕಾವಲಿಗೆ ಸವಾರರಿದ್ದರು. ಆದರೂ ಬಂದ ಕೂಡಲೇ ಜನರನ್ನು ಕರೆದು ಭಾಷಣ ಮಾಡಲಿಲ್ಲ. ಮೂರು ದಿನ ಕಳೆದ ಮೇಲೆ ರಾತ್ರಿ ಎದ್ದು, ಕೆಲವೇ ಜನರನ್ನು ಕರೆದುಕೊಂಡು, ಬಿದ್ದ ಗೋಡೆಯನ್ನೂ ಸುಟ್ಟ ಬಾಗಿಲುಗಳನ್ನೂ ನೋಡುತ್ತ ಹೋದ. ಒಂದು ಕಡೆಯಂತೂ ಅವನು ಹತ್ತಿದ್ದ ಪ್ರಾಣಿ ದಾಟಲು ದಾರಿಯೇ ಇರಲಿಲ್ಲ. ಇಷ್ಟಾಗುವ ತನಕ ಮನಸ್ಸಿನಲ್ಲಿದ್ದದ್ದನ್ನು ಅಧಿಕಾರಿಗಳಿಗಾಗಲಿ ಯಾಜಕರಿಗಾಗಲಿ ಹೇಳಲಿಲ್ಲ.

ನೀವು ಸೇವೆ ಮಾಡಬೇಕೆಂದಿರುವ ಕೇರಿಯನ್ನು ನೀರು ಬರುವ ಹೊತ್ತಿಗೆ ಒಮ್ಮೆ, ಕೂಲಿಯವರು ವಾಪಸಾಗುವ ಹೊತ್ತಿಗೆ ಇನ್ನೊಮ್ಮೆ ನೋಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಡಿತರ ಅಂಗಡಿಯವರು, ಈ ಮೂವರನ್ನು ಮಾತಾಡಿಸಿ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ, ಯಾರ ಕಾರ್ಡು ರದ್ದಾಗಿದೆ ಎಂಬುದು ಅವರಿಗೆ ಗೊತ್ತು. ಕ್ಯಾಮೆರಾ ಬೇಡ, ಸಭೆಯ ಹೆಸರಿನ ಟೀ ಶರ್ಟೂ ಬೇಡ.

2. ಏನು ಬೇಕು ಎಂದು ಅವರನ್ನೇ ಕೇಳಿ

ಯೆರಿಕೋವಿನ ದಾರಿಬದಿಯಲ್ಲಿ ಕೂತಿದ್ದ ಬಾರ್ತಿಮಾಯ ಕುರುಡನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಸುತ್ತ ಇದ್ದವರು ಅವನನ್ನು ಸುಮ್ಮನಿರಿಸಲು ನೋಡಿದರು. ಯೇಸುಸ್ವಾಮಿ ಅವನನ್ನು ಕರೆಸಿ, ತಾನು ಅವನಿಗಾಗಿ ಏನು ಮಾಡಬೇಕೆಂದು ಕೇಳಿದರು. ಕಣ್ಣೆದುರೇ ಉತ್ತರ ಇದ್ದಾಗಲೂ ಕೇಳಿದ್ದರಲ್ಲಿ ಅವನ ಮಾತಿಗೆ ಕೊಟ್ಟ ಬೆಲೆ ಇದೆ.

ಕೇಳದೆ ಹೋದರೆ ನಾವು ಅಕ್ಕಿಯನ್ನೇ ಹಂಚುತ್ತಿರುತ್ತೇವೆ. ಅನ್ನಭಾಗ್ಯದ ಅಕ್ಕಿ ಮನೆಗೆ ಬಂದಿರುತ್ತದೆ. ಡಯಾಲಿಸಿಸ್‌ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಲು ಆಟೋಗೆ ಹಣವಿರುವುದಿಲ್ಲ. ವಿಧವಾ ವೇತನಕ್ಕೆ ಅರ್ಜಿ ಹಾಕಲು ಗಂಡನ ಮರಣ ಪ್ರಮಾಣಪತ್ರ ಇರುವುದಿಲ್ಲ. ನಾಡಕಚೇರಿಗೆ ಜೊತೆಗೆ ಹೋಗಿ ಒಂದು ಅರ್ಜಿ ತುಂಬಿಸಿ ಕೊಡುವ ಅಕ್ಕನೊಬ್ಬಳು ಸಭೆಯಲ್ಲಿದ್ದರೆ, ಆಕೆಯ ಒಂದು ಬೆಳಗ್ಗೆ ಒಂದು ಕುಟುಂಬಕ್ಕೆ ತಿಂಗಳು ತಿಂಗಳು ಹಣ ಬರುವಂತೆ ಮಾಡಬಲ್ಲದು. ಸಂಧ್ಯಾ ಸುರಕ್ಷಾ, ಅಂಗವಿಕಲರ ಮಾಸಾಶನ, ವಿಧವಾ ವೇತನ ಇವುಗಳ ನಿಯಮ ಗೊತ್ತಿರುವ ಇಬ್ಬರನ್ನಾದರೂ ಪ್ರತಿ ಸಭೆಯೂ ತಯಾರು ಮಾಡಬೇಕು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಹಿಂದಿನ ಬೆಂಚಿನಲ್ಲಿ ಕೂರುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

3. ಮನೆಯಲ್ಲಿ ಏನಿದೆ ಎಂದೂ ಕೇಳಿ

ಅರಸುಗಳ ಎರಡನೇ ಪುಸ್ತಕದ 4ನೇ ಅಧ್ಯಾಯದಲ್ಲಿ ಸಾಲ ಕೊಟ್ಟವನಿಗೆ ಹೆದರಿದ ವಿಧವೆಯೊಬ್ಬಳು ಪ್ರವಾದಿ ಎಲೀಷನ ಬಳಿ ಬರುತ್ತಾಳೆ. ಸಾಲ ತೀರದಿದ್ದರೆ ಅವಳ ಇಬ್ಬರು ಮಕ್ಕಳು ಜೀತಕ್ಕೆ ಹೋಗಬೇಕು. ಎಲೀಷ ಕೇಳಿದ್ದು, ಮನೆಯಲ್ಲಿ ನಿನ್ನ ಹತ್ತಿರ ಏನಿದೆ ಎಂದು. ಒಂದು ಕುಡಿಕೆ ಎಣ್ಣೆ ಇತ್ತು. ನೆರೆಹೊರೆಯವರಿಂದ ಪಾತ್ರೆ ತರಿಸಿದ, ಬಾಗಿಲು ಮುಚ್ಚಿಸಿ ಅವಳ ಕೈಯಿಂದಲೇ ಎಣ್ಣೆ ಸುರಿಸಿದ, ಮಾರಿ ಸಾಲ ತೀರಿಸಿ ಉಳಿದದ್ದರಲ್ಲಿ ಬದುಕು ಎಂದ. ಅದ್ಭುತ ದೇವರದು. ಅದರ ಕೆಲಸವೆಲ್ಲ ಆ ಹೆಂಗಸಿನದು, ಅವಳ ಮಕ್ಕಳದು, ಪಾತ್ರೆ ಕೊಟ್ಟ ಬೀದಿಯವರದು.

ನಮ್ಮ ನಾಡಿನ ಸಭಾಚರಿತ್ರೆಯಲ್ಲೇ ಈ ಪಾಠ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬೇಗನೆ ಒಂದು ಸಂಕಟಕ್ಕೆ ಸಿಕ್ಕಿತು. ಕ್ರೈಸ್ತರಾದವರನ್ನು ಮನೆಯವರು ಹೊರಗಿಟ್ಟರು. ಹೊಲ, ಕೆಲಸ, ನೆಂಟಸ್ತಿಕೆ ಎಲ್ಲ ಹೋಯಿತು. ದಾನದಿಂದ ಅವರನ್ನು ಎಷ್ಟು ದಿನ ಸಾಕುವುದು? ಕಾಫಿ, ಸಕ್ಕರೆ, ಗಡಿಯಾರದ ಕೆಲಸವನ್ನೂ ಮಿಷನ್ ಪ್ರಯತ್ನಿಸಿ ಕೈಬಿಟ್ಟಿತು. ನಿಂತದ್ದು ನೇಯ್ಗೆ, ಮುದ್ರಣ ಮತ್ತು ಹೆಂಚು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆಗೆ ಬೇಕಾದ ಜೇಡಿಮಣ್ಣು ಅಲ್ಲಿನ ನದೀತೀರದಲ್ಲೇ ಇತ್ತು. ಮಂಗಳೂರು ಹೆಂಚು ದೇಶದ ಹೊರಗೂ ಹೆಸರು ಮಾಡಿತು. ಊರಲ್ಲಿ ಇರುವುದನ್ನು ಕಂಡುಕೊಳ್ಳಲು ಅವರಿಗೆ ಮೂರು ದಶಕ ಬೇಕಾಯಿತು ಎಂಬುದನ್ನು ಆತುರದ ಕಮಿಟಿಗಳು ಗಮನಿಸಬೇಕು.

4. ದೂರು ಹೇಳಿದವರ ಕೈಗೇ ಸೌಟು ಕೊಡಿ

ಯೆರೂಸಲೇಮಿನ ಗೊಣಗಾಟಕ್ಕೆ ಮರಳೋಣ. ಅಪೊಸ್ತಲರು ದೂರು ಹೇಳಿದವರನ್ನು ಗದರಿಸಲಿಲ್ಲ, ಪ್ರಾರ್ಥನೆ ಮಾಡಿ ಸಹಿಸಿಕೊಳ್ಳಿ ಎಂದೂ ಹೇಳಲಿಲ್ಲ. ಏಳು ಜನರನ್ನು ಆರಿಸಿರಿ ಎಂದರು. ಆರಿಸಿದವರ ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯವನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಕ್ಕೆ ಸೇರಿದ್ದವನು. ಯಾರ ವಿಧವೆಯರು ಬಿಟ್ಟುಹೋಗಿದ್ದರೋ ಅವರ ಕಡೆಯವರ ಕೈಗೇ ಇಡೀ ಹಂಚಿಕೆ ಹೋಯಿತು. ಇಬ್ರಿಯ ವಿಧವೆಯರ ಪಾಲನ್ನೂ ಇನ್ನು ಮೇಲೆ ಅವರೇ ನೋಡಬೇಕು. ಎಷ್ಟು ದೊಡ್ಡ ನಂಬಿಕೆ ಅದು!

ಈ ಸೂತ್ರವನ್ನು ನಾವು ಪಾಲಿಸುವುದು ತೀರಾ ಕಡಿಮೆ. ಬೆಂಗಳೂರಿನ ಹೊರವಲಯದ ಸಭೆಯೊಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಸೇವೆ ಮಾಡುತ್ತದೆ ಎನ್ನೋಣ. ಕಮಿಟಿಯಲ್ಲಿ ಆ ಶೆಡ್ಡಿನವರು ಒಬ್ಬರಾದರೂ ಇರುತ್ತಾರೆಯೇ? ಇದ್ದರೆ ಅವರಿಗೆ ಹಣ ಖರ್ಚು ಮಾಡುವ ಅಧಿಕಾರ ಇದೆಯೇ, ಅಥವಾ ಕುರ್ಚಿ ಹಾಕುವ ಕೆಲಸ ಮಾತ್ರವೇ? ಈ ವರ್ಷದ ಬಜೆಟ್ಟಿನ ಒಂದು ಪಾಲನ್ನು ಅವರ ಕೈಗೆ ಬಿಟ್ಟು ನೋಡಿ. ಅದರಲ್ಲಿ ನಾವೆಂದೂ ಯೋಚಿಸದ ಖರ್ಚುಗಳು ಬರುತ್ತವೆ: ಊರಿಗೆ ಹೆಣ ಸಾಗಿಸುವ ಖರ್ಚು, ಮಗುವಿನ ವರ್ಗಾವಣೆ ಪತ್ರ ತರಲು ಬಸ್ ಚಾರ್ಜು.

5. ಹತ್ತು ಮನೆಗೆ ಒಬ್ಬರು

ಬೆಳಗಿನಿಂದ ಸಂಜೆಯವರೆಗೆ ಜನ ಮೋಶೆಯ ಮುಂದೆ ಸಾಲುಗಟ್ಟಿ ನಿಲ್ಲುವುದನ್ನು ಅವನ ಮಾವ ಇತ್ರೋ ನೋಡಿದ. ಇದರಿಂದ ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದು ನೇರವಾಗಿ ಹೇಳಿದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸಿದ್ದು ಆಮೇಲೆ. ಇತ್ರೋ ಮಿದ್ಯಾನಿನ ಯಾಜಕ, ಹೊರಗಿನವನು. ಹೊರಗಿನವನ ಆಡಳಿತದ ಬುದ್ಧಿಯನ್ನು ಮೋಶೆ ಮರುಮಾತಿಲ್ಲದೆ ತೆಗೆದುಕೊಂಡ.

ಮಂಗಳೂರು ಸೀಮೆಯ ಕಥೊಲಿಕ ಚರ್ಚುಗಳಲ್ಲಿ ವಾಳೆಗೊಬ್ಬ, ಅಂದರೆ ಚರ್ಚಿನ ವಾರ್ಡಿಗೊಬ್ಬ, ಗುರಿಕಾರರಿರುವ ಪದ್ಧತಿ ಇದಕ್ಕೆ ಹತ್ತಿರದ ಉದಾಹರಣೆ. ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಮದುವೆ, ಯಾರು ದುಬೈಯಿಂದ ಕೆಲಸ ಕಳೆದುಕೊಂಡು ಬಂದಿದ್ದಾರೆ ಎಂಬ ಸುದ್ದಿ ಗುರಿಕಾರರ ಮೂಲಕ ಪಾದ್ರಿಯವರಿಗೆ ಮುಟ್ಟುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಂ ಮತ್ತು ಗೆಳೆಯರು ಶುರುಮಾಡಿದ ವಿನ್ಸೆಂಟ್ ಡಿ ಪಾಲ್ ಸೊಸೈಟಿಯ ಸದಸ್ಯರು ಇಂದಿಗೂ ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮನೆಕೂಟಗಳಿವೆ. ಅವುಗಳಿಗೆ ಪ್ರಾರ್ಥನೆಯ ಜೊತೆ ಸುತ್ತಲಿನ ಹತ್ತು ಮನೆಗಳ ಹೊಣೆಯನ್ನೂ ಕೊಟ್ಟುಬಿಡಬಹುದು. ಆ ಹತ್ತು ಮನೆಗಳಲ್ಲಿ ಕ್ರೈಸ್ತರ ಮನೆ ಎರಡೇ ಇರಲಿ, ಹೊಣೆ ಹತ್ತಕ್ಕೂ ಇರಲಿ.

6. ಅವರವರ ಮನೆಯೆದುರಿನ ಗೋಡೆ

ನೆಹೆಮೀಯನ 3ನೇ ಅಧ್ಯಾಯವನ್ನು ಪ್ರಸಂಗಕ್ಕೆ ಆರಿಸಿಕೊಳ್ಳುವವರು ಕಡಿಮೆ, ಏಕೆಂದರೆ ಅದು ಬರೀ ಹೆಸರಿನ ಪಟ್ಟಿ. ನನಗೆ ಆ ಪುಸ್ತಕದಲ್ಲಿ ಅದೇ ಹೆಚ್ಚು ಇಷ್ಟ. ಮಹಾಯಾಜಕನಿಂದ ಹಿಡಿದು ಅಕ್ಕಸಾಲಿಗರು, ಸುಗಂಧ ತಯಾರಿಸುವವರು, ವ್ಯಾಪಾರಿಗಳ ತನಕ ಎಲ್ಲರೂ ಕಲ್ಲು ಹೊತ್ತರು. ಶಲ್ಲೂಮ ಎಂಬ ಅಧಿಕಾರಿಯ ಜೊತೆ ಅವನ ಹೆಣ್ಣುಮಕ್ಕಳೂ ಗೋಡೆ ಕಟ್ಟಿದರೆಂದು ಬರೆದಿದೆ. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವದ ಸಾಮಾನ್ಯರು ದುಡಿದರು, ಅಲ್ಲಿನ ಶ್ರೀಮಂತರು ಹೆಗಲು ಕೊಡಲಿಲ್ಲ. ಅದೂ ದಾಖಲಾಗಿದೆ. ಗೋಡೆ 52 ದಿನಗಳಲ್ಲಿ ಮುಗಿಯಿತು.

ಕೆಲಸ ಹಂಚುವಾಗ ಯಾರ ಮನೆ ಎಲ್ಲಿದೆ ಎಂಬುದನ್ನು ನೋಡಿ. ಸರ್ಕಾರಿ ಶಾಲೆಯ ಹಿಂದಿನ ಬೀದಿಯವರಿಗೆ ಸಂಜೆ ಪಾಠ, ಆಸ್ಪತ್ರೆಯ ಹತ್ತಿರದವರಿಗೆ ರೋಗಿಗಳ ಜೊತೆಗಾರರ ಊಟ, ಬಸ್ ನಿಲ್ದಾಣದ ಬಳಿ ಅಂಗಡಿ ಇಟ್ಟವರಿಗೆ ದಿಕ್ಕಿಲ್ಲದವರ ಸುದ್ದಿ ತಲುಪಿಸುವ ಕೆಲಸ. ಮುಗಿದ ಮೇಲೆ ಸಭೆಯ ವರದಿಯಲ್ಲಿ ಪಾತ್ರೆ ತೊಳೆದವರ ಹೆಸರನ್ನೂ ಬರೆಯಿರಿ.

7. ತೂಗಿ ಕೊಡಿ, ತೂಗಿ ತೆಗೆದುಕೊಳ್ಳಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಒಳ್ಳೆಯ ಸೇವೆಗಳು ಹೆಚ್ಚಾಗಿ ಮುರಿದುಬೀಳುವುದು ಇಲ್ಲಿಯೇ.

ಎಜ್ರ ಬಾಬೆಲಿನಿಂದ ಯೆರೂಸಲೇಮಿಗೆ ಹೊರಟಾಗ ದೇವಾಲಯಕ್ಕೆಂದು ಬಂದ ಕಾಣಿಕೆ ಅವನ ಬಳಿ ಇತ್ತು. ಅದರಲ್ಲಿ ಬೆಳ್ಳಿಯೇ 650 ತಲಾಂತು, ಚಿನ್ನ 100 ತಲಾಂತು. ಅದನ್ನು ತನ್ನ ಗುಡಾರದಲ್ಲಿ ಇಟ್ಟುಕೊಳ್ಳಲಿಲ್ಲ. ಯಾಜಕರ ಮುಖ್ಯಸ್ಥರಲ್ಲಿ ಹನ್ನೆರಡು ಜನರನ್ನು ಆರಿಸಿ, ಅವರ ಕೈಗೆ ತೂಗಿ ಒಪ್ಪಿಸಿದ. ಯೆರೂಸಲೇಮಿಗೆ ಬಂದ ನಾಲ್ಕನೇ ದಿನ ದೇವಾಲಯದಲ್ಲಿ ಎಲ್ಲವನ್ನೂ ಮತ್ತೆ ಎಣಿಸಿ, ತೂಗಿ, ತೂಕವನ್ನು ಬರೆದಿಟ್ಟರು. ಎಜ್ರನ ಪ್ರಾಮಾಣಿಕತೆಯ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಆದರೂ ತೂಗಿದರು.

ಪೌಲ ಕೂಡ ಹೀಗೆಯೇ. ಯೆರೂಸಲೇಮಿನ ಬಡವರಿಗಾಗಿ ಕೊರಿಂಥ, ಮಕೆದೋನ್ಯದ ಸಭೆಗಳಿಂದ ಹಣ ಕೂಡಿಸುವಾಗ ತೀತನ ಜೊತೆಗೆ ಸಭೆಗಳೇ ನೇಮಿಸಿದ ಸಹೋದರನನ್ನು ಕಳುಹಿಸಿದ. ದೇವರ ಮುಂದೆ ಸರಿಯಾಗಿದ್ದರೆ ಸಾಲದು, ಜನರ ಕಣ್ಣಿಗೂ ಸರಿಯಾಗಿ ಕಾಣಬೇಕು ಎಂಬುದು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಅವನು ಕೊಟ್ಟ ಕಾರಣ. ನಾನು ದೇವರಿಗೆ ಮಾತ್ರ ಲೆಕ್ಕ ಕೊಡುತ್ತೇನೆ ಎಂದು ಎದೆತಟ್ಟಿ ಹೇಳುವವರು ಆ ಅಧ್ಯಾಯವನ್ನು ಓದಬೇಕು.

ಮಾಡಬೇಕಾದದ್ದು ಇಷ್ಟು. ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ಕನಿಷ್ಠ ಇಬ್ಬರ ಸಹಿ ಇರಲಿ. ಯುಪಿಐ ಕ್ಯೂಆರ್ ಕೋಡ್ ಪಾಸ್ಟರ್ ಅವರ ಸ್ವಂತ ಫೋನಿನದು ಆಗಬಾರದು. ಕಾಣಿಕೆ ಎಣಿಸುವವರು ಒಂದೇ ಮನೆಯವರು ಇರಬಾರದು. ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದ ಹಣದಲ್ಲಿ ಎಷ್ಟು ಸೇವೆಗೆ ಹೋಯಿತೆಂದು ಮುಂದಿನ ತಿಂಗಳೇ ನೋಟಿಸ್ ಬೋರ್ಡಿಗೆ ಬರಲಿ.

ವಿದೇಶಿ ದೇಣಿಗೆ ಇದ್ದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನೂ ಅದರ 2020ರ ತಿದ್ದುಪಡಿಯನ್ನೂ ಅಕ್ಷರಶಃ ಪಾಲಿಸಬೇಕು. ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚ ಶೇಕಡ 20 ಮೀರುವಂತಿಲ್ಲ. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಕುವೈತ್, ಮಸ್ಕತ್‌ನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಈ ವ್ಯತ್ಯಾಸವನ್ನು ಖಜಾಂಚಿ ಹಣ ಪಡೆಯುವ ಮೊದಲೇ ತಿಳಿದಿರಬೇಕು.

8. ಷರತ್ತಿಲ್ಲದೆ ಕೊಡಿ

ಯೇಸುಸ್ವಾಮಿ ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ಮರಳಿ ಬಂದು ಕೃತಜ್ಞತೆ ಹೇಳಿದವನು ಒಬ್ಬ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಸ್ವಾಮಿ ನೊಂದು ಕೇಳಿದ್ದು ನಿಜ. ಆದರೆ ಆ ಒಂಬತ್ತು ಜನರ ಕಾಯಿಲೆ ಮರಳಿ ಬಂತೆಂದು ಎಲ್ಲೂ ಬರೆದಿಲ್ಲ.

ಊಟದ ಪೊಟ್ಟಣಕ್ಕೆ ಪ್ರತಿಯಾಗಿ ಆರಾಧನೆಗೆ ಬರಬೇಕೆಂಬ ಮಾತನ್ನು ಬಾಯಲ್ಲಾಗಲಿ ಕಣ್ಣಲ್ಲಾಗಲಿ ಹೇಳಬೇಡಿ. ಆಮಿಷದ ಮತಾಂತರವನ್ನು ತಡೆಯಲೆಂದು 2022ರಲ್ಲಿ ಕರ್ನಾಟಕದಲ್ಲಿ ಕಾಯ್ದೆ ತಂದಾಗ ಸಭೆಗಳಲ್ಲಿ ಭಯ ಇತ್ತು, ಚರ್ಚೆಯೂ ಜೋರಾಗಿತ್ತು. ಕಾನೂನು ಬರಲಿ, ಹೋಗಲಿ, ಸುವಾರ್ತೆಯನ್ನು ಅಕ್ಕಿಗೆ ಕಟ್ಟಿ ಕೊಡುವುದು ಸುವಾರ್ತೆಗೇ ಮಾಡುವ ಅಪಚಾರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾರಾದರೂ ನಿಮ್ಮ ವಿಶ್ವಾಸದ ಬಗ್ಗೆ ತಾವಾಗಿ ಕೇಳಿದರೆ ಸಂತೋಷದಿಂದ ಹೇಳಿ. ಕೇಳದಿದ್ದರೆ ನಾಳೆಯೂ ಊಟ ತೆಗೆದುಕೊಂಡು ಹೋಗಿ.

ಜರ್ಮನಿ ಮೂಲದ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಅಂದು ಚಿಕ್ಕದಾಗಿ ತೆರೆದ ಆ ಬಾಗಿಲು ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದು ನಿಂತಿದೆ. ಕರಾವಳಿಯಲ್ಲಿ ಎಲ್ಲ ಮತದವರೂ ಅದನ್ನು ನಮ್ಮ ಆಸ್ಪತ್ರೆ ಎಂದೇ ಮಾತಾಡುತ್ತಾರೆ.

9. ತೆನೆ ಬೀಳಿಸಿ ಹೋಗಿ, ಫೋಟೋ ಬೇಡ

ರೂತಳು ಮೋವಾಬಿನವಳು, ವಿಧವೆ, ಬೇತ್ಲೆಹೇಮಿಗೆ ಹೊಸಬಳು. ಹಕ್ಕಲಾಯಲು ಬಂದ ಅವಳಿಗಾಗಿ ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಉದುರಿಸಿಬಿಡಿ, ಅವಳನ್ನು ಗದರಿಸಬೇಡಿ ಎಂದು ಹೊಲದೊಡೆಯ ಬೋವಜ ತನ್ನ ಆಳುಗಳಿಗೆ ಹೇಳಿದ. ಅವಳು ಬಗ್ಗಿ ಆರಿಸಿದಳು, ಸಂಜೆ ಬಡಿದು ಹಸನು ಮಾಡಿದಳು, ತಾನೇ ದುಡಿದ ಕಾಳನ್ನು ಅತ್ತೆಗೆ ತಂದು ತೋರಿಸಿದಳು.

ಸಾಲಾಗಿ ನಿಲ್ಲಿಸಿ, ಕಿಟ್ ಹಿಡಿಸಿ, ಏಳು ಜನ ದಾನಿಗಳು ಒಂದು ಚೀಲದ ಮೇಲೆ ಕೈಯಿಟ್ಟು ತೆಗೆಸಿಕೊಳ್ಳುವ ಚಿತ್ರಗಳನ್ನು ನಿಲ್ಲಿಸಿಬಿಡಿ. ಕಿಟ್ ಪಡೆದ ಮನೆಯ ಹುಡುಗಿ ನಾಳೆ ಶಾಲೆಗೆ ಹೋಗಬೇಕು. ಅವಳ ಗೆಳತಿಯರ ಮನೆಯ ಫೋನಿನಲ್ಲೂ ವಾಟ್ಸಾಪ್ ಇದೆ. ದಾನಿಗಳಿಗೆ ಪುರಾವೆ ಬೇಕೆಂದರೆ ಅಂಗಡಿಯ ಬಿಲ್ಲು ಮತ್ತು ಪಡೆದವರ ಸಹಿ ಸಾಕು.

10. ಮೊದಲು ಸ್ವಂತ ಮನೆಯೊಳಗಿನ ಬಡ್ಡಿಯನ್ನು ಬಿಡಿಸಿ

ಗೋಡೆ ಅರ್ಧ ಎದ್ದಾಗ ನೆಹೆಮೀಯನಿಗೆ ಕೇಳಿಸಿದ್ದು ಹೆಂಗಸರ, ಗಂಡಸರ ಕೂಗು. ಬರಗಾಲದಲ್ಲಿ ಕಾಳಿಗಾಗಿ ಹೊಲ, ದ್ರಾಕ್ಷೇತೋಟ, ಮನೆ ಒತ್ತೆ ಇಟ್ಟಿದ್ದೇವೆ, ತೆರಿಗೆ ಕಟ್ಟಲು ಸಾಲ ಮಾಡಿದ್ದೇವೆ, ಹೆಣ್ಣುಮಕ್ಕಳು ಆಗಲೇ ಜೀತಕ್ಕೆ ಹೋಗಿದ್ದಾರೆ ಎಂದು ಅವರು ಅತ್ತರು. ಸಾಲ ಕೊಟ್ಟವರು ಪರಕೀಯರಲ್ಲ, ಜೊತೆಗಾರ ಯೆಹೂದ್ಯರೇ. ನೆಹೆಮೀಯ ಸಿಟ್ಟಾದ, ಯೋಚಿಸಿ, ದೊಡ್ಡ ಸಭೆ ಕರೆದು, ಶ್ರೀಮಂತರನ್ನು ಎಲ್ಲರೆದುರೇ ಪ್ರಶ್ನಿಸಿದ. ಹೊಲಗಳನ್ನು ಅಂದೇ ಹಿಂದಿರುಗಿಸಲು ಒಪ್ಪಿಸಿ ಯಾಜಕರ ಮುಂದೆ ಪ್ರಮಾಣ ಮಾಡಿಸಿದ. ತಾನು ದೇಶಾಧಿಪತಿಯಾಗಿದ್ದ 12 ವರ್ಷ ಆ ಹುದ್ದೆಗೆ ಸಲ್ಲಬೇಕಾದ ಭತ್ಯೆಯನ್ನು ತಿನ್ನಲಿಲ್ಲ. ಮೇಲಾಗಿ ದಿನವೂ 150 ಜನರಿಗೆ ತನ್ನ ಪಂಕ್ತಿಯಲ್ಲಿ ಊಟ ಹಾಕಿಸಿದ.

ಮೈಕ್ರೋ ಫೈನಾನ್ಸ್ ಕಂತಿಗೆ ಹೆದರಿ ಊರು ಬಿಟ್ಟವರ ಸುದ್ದಿ ಬಂದು, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಕುಳದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಸಭೆಯ ಹೆಂಗಸರೂ ಆ ಗುಂಪುಗಳಲ್ಲಿ ಇದ್ದಾರೆ. ಕೈಬಡ್ಡಿಗೆ ಸಾಲ ಕೊಡುವವರೂ ಕೆಲವು ಸಭೆಗಳ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರ ದೊಡ್ಡ ಕಾಣಿಕೆಯನ್ನು ಹೊಗಳುತ್ತ ಹೊರಗಿನ ಬಡವರ ಸೇವೆಗೆ ಹೊರಡುವುದು ಸರಿಯಲ್ಲ.

ಜಾತಿಯೂ ಇಂಥದ್ದೇ ಬಡ್ಡಿ, ತಲೆಮಾರುಗಳಿಂದ ಬೆಳೆಯುತ್ತ ಬಂದದ್ದು. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಪಂಕ್ತಿಯಿಂದ ಹಿಂದೆ ಸರಿದ. ಪೌಲ ಅವನನ್ನು ಎಲ್ಲರ ಮುಂದೆ, ಮುಖಕ್ಕೆ ಮುಖ ಕೊಟ್ಟು ಆಕ್ಷೇಪಿಸಿದ. ಪೇತ್ರನಂಥ ಹಿರಿಯನನ್ನು! ಹೆಣ್ಣು ಕೊಡುವ ತರುವ ಮಾತು ಬಂದಾಗ, ಸಮಾಧಿ ಜಾಗದ ಮಾತು ಬಂದಾಗ, ಕಮಿಟಿ ಚುನಾವಣೆಯಲ್ಲಿ ಜಾತಿ ಎದ್ದು ನಿಲ್ಲುವ ಸಭೆ ಊರಿಗೆ ಯಾವ ಮುಖ ಹೊತ್ತು ಹೋಗುತ್ತದೆ? ಪ್ರೀತಿಭೋಜನದಲ್ಲಿ ಅಡುಗೆ ಯಾರು ಮಾಡುತ್ತಾರೆ, ಬಡಿಸುವವರು ಯಾರು, ಯಾರು ಯಾರ ಪಕ್ಕ ಕೂರುತ್ತಾರೆ ಎಂದು ಒಮ್ಮೆ ಗಮನಿಸಿ, ಅಲ್ಲಿಂದ ಬದಲಾವಣೆ ಶುರುಮಾಡಿ.

11. ಏಲಿಯಂತೆ ಬರೀ ಗದರಿಸಿ ಸುಮ್ಮನಾಗಬೇಡಿ

ಯಾಜಕ ಏಲಿಯ ಮಕ್ಕಳು ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರನ್ನು ಕೆಡಿಸುತ್ತಿದ್ದರು. ಸುದ್ದಿ ಏಲಿಗೆ ಮುಟ್ಟಿತು. ಬೈದ, ಬುದ್ಧಿ ಹೇಳಿದ, ಆದರೆ ಅವರನ್ನು ಸೇವೆಯಿಂದ ತೆಗೆಯಲಿಲ್ಲ. ಅವನ ಮನೆತನದ ಮೇಲೆ ತೀರ್ಪು ಬಂದದ್ದು ಗೊತ್ತಿದ್ದೂ ತಡೆಯದೆ ಹೋದದ್ದಕ್ಕೆ.

ಹಾಸ್ಟೆಲ್, ಟ್ಯೂಷನ್, ರಜಾಕಾಲದ ಬೈಬಲ್ ಶಾಲೆ, ಎಲ್ಲಿ ಮಕ್ಕಳಿದ್ದಾರೋ ಅಲ್ಲಿ ಲಿಖಿತ ನಿಯಮ ಬೇಕು. ಮಗುವಿನ ಜೊತೆ ದೊಡ್ಡವರೊಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ. ದೂರು ಬಂದರೆ ಒಳಗೊಳಗೇ ರಾಜಿ ಮಾಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಸಂಡೇ ಸ್ಕೂಲಿನ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರದಲ್ಲಿ ಇರಲಿ. ಸಭೆಯ ಮಾನ ಹೋಗುತ್ತದೆ ಎಂದು ಹೇಳುವ ಹಿರಿಯರಿಗೆ ಏಲಿಯ ಕಥೆಯನ್ನು ಓದಿ ಹೇಳಿ.

12. ಓನೋ ಬಯಲಿಗೆ ಹೋಗಬೇಡಿ

ಗೋಡೆ ಏಳುವುದನ್ನು ಸಹಿಸದ ಸನ್ಬಲ್ಲಟ ಮತ್ತು ಗೆಷೆಮ್, ಓನೋ ಬಯಲಿನಲ್ಲಿ ಸೇರೋಣ ಬಾ ಎಂದು ನೆಹೆಮೀಯನಿಗೆ ನಾಲ್ಕು ಸಲ ಹೇಳಿಕಳುಹಿಸಿದರು. ಕೈಯಲ್ಲಿ ದೊಡ್ಡ ಕೆಲಸವಿದೆ, ಬಿಟ್ಟು ಬರಲಾರೆ ಎಂದು ನಾಲ್ಕು ಸಲವೂ ಒಂದೇ ಉತ್ತರ ಕೊಟ್ಟ. ಇಂದಿನ ಓನೋ ಬಯಲುಗಳು ವಾಟ್ಸಾಪ್ ಗುಂಪುಗಳಲ್ಲಿ, ಫೇಸ್‌ಬುಕ್ ವಾಗ್ವಾದಗಳಲ್ಲಿ, ಪಕ್ಕದ ಪಂಗಡದವರ ಬೋಧನೆ ತಪ್ಪೆಂದು ಸಾಧಿಸುವ ವಿಡಿಯೋಗಳಲ್ಲಿವೆ. ಸುಳ್ಳು ಆರೋಪ ಬಂದರೆ ಲಿಖಿತವಾಗಿ ಒಮ್ಮೆ ಉತ್ತರಿಸಿ, ದಾಖಲೆ ಇಟ್ಟುಕೊಳ್ಳಿ, ಕೆಲಸಕ್ಕೆ ಹೊರಡಿ.

13. ದಣಿದವರಿಗೆ ಮೊದಲು ನಿದ್ದೆ, ಊಟ

ಕರ್ಮೆಲ್ ಬೆಟ್ಟದ ಮೇಲೆ ಗೆದ್ದ ಎಲೀಯ ಕೆಲವೇ ದಿನಗಳಲ್ಲಿ ಅರಣ್ಯದ ಗಿಡವೊಂದರ ಕೆಳಗೆ ಕೂತು ಸಾವನ್ನು ಬೇಡಿದ. ದೇವದೂತ ಬಂದು ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಇಟ್ಟ, ಮಲಗಗೊಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ. ಆಮೇಲೆ ಅವನಿಗೆ ತಿಳಿದದ್ದು, ಬಾಳನಿಗೆ ಅಡ್ಡಬೀಳದ ಏಳು ಸಾವಿರ ಮಂದಿ ಇನ್ನೂ ಇದ್ದಾರೆ ಎಂಬುದು, ಎಲೀಷ ಎಂಬವನು ಮುಂದಕ್ಕೆ ಬರಲಿದ್ದಾನೆ ಎಂಬುದು. ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳುವ ಸ್ವಯಂಸೇವಕರಿಗೆ ಸರದಿ ಮಾಡಿ. ಸಭಾಪಾಲಕರಿಗೆ ವಾರದಲ್ಲಿ ಒಂದು ದಿನ ಫೋನ್ ಮಾಡಬೇಡಿ. ಆ ದಿನ ಯಾರಿಗೆ ಫೋನ್ ಮಾಡಬೇಕೆಂದು ಭಾನುವಾರವೇ ತಿಳಿಸಿ.

14. ಇಳಿಯುವ ದಿನವನ್ನು ಇಂದೇ ಗೊತ್ತುಮಾಡಿ

ಮೋಶೆಗೆ ಗೇರ್ಷೋಮ್, ಎಲೀಯೆಜರ್ ಎಂಬ ಇಬ್ಬರು ಮಕ್ಕಳಿದ್ದರು. ಜನರನ್ನು ಮುಂದೆ ನಡೆಸಲು ಆಯ್ಕೆಯಾದವನು ನೂನನ ಮಗ ಯೆಹೋಶುವ. ತಾನಿನ್ನೂ ಬದುಕಿದ್ದಾಗಲೇ ಎಲ್ಲರೆದುರು ಅವನ ಮೇಲೆ ಕೈಯಿಟ್ಟು ಮೋಶೆ ಅಧಿಕಾರ ಒಪ್ಪಿಸಿದ. ಯಾರ ಎತ್ತನ್ನೂ ಕತ್ತೆಯನ್ನೂ ಕಸಿದುಕೊಳ್ಳದೆ ಬಾಳಿದ ಸಮುವೇಲ ಈ ವಿಷಯದಲ್ಲಿ ಎಡವಿದ: ಬೇರ್ಷೆಬದಲ್ಲಿ ತನ್ನ ಮಕ್ಕಳನ್ನೇ ನ್ಯಾಯಾಧಿಪತಿಗಳಾಗಿ ಮಾಡಿದ, ಅವರು ಲಂಚ ತಿಂದರು, ಜನ ರೋಸಿ ಅರಸ ಬೇಕೆಂದು ಕೇಳಿದರು. ನೆಹೆಮೀಯ ಯೆರೂಸಲೇಮನ್ನು ಸಹೋದರ ಹನಾನಿಯ ಕೈಗೆ ಕೊಟ್ಟನಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟ, ನಿಜ, ಆದರೆ ಜೊತೆಗೆ ಹನನ್ಯನನ್ನೂ ನೇಮಿಸಿದ, ಅವನು ಹಲವರಿಗಿಂತ ನಂಬಿಗಸ್ತನೂ ದೈವಭಕ್ತನೂ ಆಗಿದ್ದನೆಂದು ಕಾರಣವನ್ನೂ ಬರೆದಿಟ್ಟ.

ಸಂಸ್ಥಾಪಕರ ಹೆಂಡತಿ ಖಜಾಂಚಿ, ಮಗ ಕಾರ್ಯದರ್ಶಿ, ಅಳಿಯ ಟ್ರಸ್ಟಿ ಆಗಿರುವ ಸೇವಾಸಂಸ್ಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಟ್ರಸ್ಟ್ ಡೀಡಿನಲ್ಲೇ ಅವಧಿ ಬರೆಸಿ. ಒಂದು ಹುದ್ದೆಯಲ್ಲಿ ಮೂರು ವರ್ಷ, ಇನ್ನೊಂದು ಸಲ ಮಾತ್ರ ಅವಕಾಶ. ಕಾರ್ಯದರ್ಶಿಗೆ ಮೊದಲ ವರ್ಷದಿಂದಲೇ ಜೊತೆಗೊಬ್ಬ ಕಿರಿಯ ಸಹಾಯಕರಿರಲಿ, ಅದರಲ್ಲೂ ಯುವತಿಯೊಬ್ಬಳಿರಲಿ. ತಹಶೀಲ್ದಾರ್ ಕಚೇರಿಗೆ, ಬ್ಯಾಂಕಿಗೆ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗಕ್ಕೆ ಅವಳನ್ನೂ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಅವಧಿ ಮುಗಿದ ದಿನ ಅವಳಿಗೆ ಒಪ್ಪಿಸಬೇಕಾದದ್ದು ಬೀರುವಿನ ಕೀಲಿ, ಚೆಕ್ ಪುಸ್ತಕ, ಫಲಾನುಭವಿಗಳ ಪಟ್ಟಿ, ಅದರ ಜೊತೆಗೆ ಈ ಮೂರು ವರ್ಷಗಳಲ್ಲಿ ಸಹಾಯ ಕೇಳಿ ಬಂದು ಬರಿಗೈಯಲ್ಲಿ ಮರಳಿದವರ ಹೆಸರು, ವಿಳಾಸ ಬರೆದಿಟ್ಟ ಇನ್ನೊಂದು ಪಟ್ಟಿ.